ವ್ಯರ್ಥವಲ್ಲದ ಹತ್ತು ತಿಂಗಳು

ಮಗಳು ಕಾಲೇಜಿಗೂ ಮುನ್ನ ಹತ್ತು ತಿಂಗಳು ರಾಷ್ಟ್ರೀಯ ಸೇವೆಗೆ ಹೊರಟಳೆಂದರೆ, ವಾಷಿಂಗ್ಟನ್, ಅಟ್ಲಾಂಟಾ, ಕೆರೊಲಿನಾಗಳ ಕನ್ನಡ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ: ‘ಒಂದು ವರ್ಷ ವ್ಯರ್ಥವಾಗದೇ?’

ವ್ಯರ್ಥವಾಗದು ಎಂಬುದು ನನ್ನ ಅಭಿಪ್ರಾಯ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರಿಗಾಗಿ ಆರಂಭಿಸಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಈ ‘ಅಮೆರಿಕೋರ್ ಎನ್‌ಸಿಸಿಸಿ’ಗೆ ಮಾದರಿ. ನೆರೆ, ಚಂಡಮಾರುತಗಳ ಸಂತ್ರಸ್ತರಿಗೆ ನೆರವು, ಬಡವರಿಗೆ ಮನೆ ಕಟ್ಟುವುದು, ಕಾಡಿನ ರಕ್ಷಣೆ ಇದರ ಕೆಲಸ. ನಮ್ಮ ಎನ್‌ಎಸ್‌ಎಸ್‌ನ ಏಳು ದಿನಗಳ ಶಿಬಿರ ಹತ್ತು ತಿಂಗಳಿಗೆ ಹಿಗ್ಗಿದಂತೆ ಎನ್ನಬಹುದು.

ಮೊದಲ ವಾರಗಳೇ ಕಠಿಣ. ಒಂದು ಕಾಲಕ್ಕೆ ಚಾರ್ಲ್ಸ್‌ಟನ್‌ನಲ್ಲಿಯೂ ಮೇರಿಲ್ಯಾಂಡ್‌ನ ಪೆರಿ ಪಾಯಿಂಟ್‌ನಲ್ಲಿಯೂ ಇದರ ನೆಲೆಗಳಿದ್ದವು. ಅವು ಮುಚ್ಚಿದ ಮೇಲೆ ಇಲ್ಲಿಯ ಮಕ್ಕಳಿಗೆ ಮನೆ ಮತ್ತಷ್ಟು ದೂರವಾಯಿತು. ಅಪರಿಚಿತರೊಡನೆ ಕೋಣೆ, ಸುಮಾರು ಹತ್ತು ಜನರ ತಂಡ, ಮಿತವಾದ ಹಣದಲ್ಲಿ ದಿನಸಿ, ಸರದಿಯ ಅಡುಗೆ. ಸಸ್ಯಾಹಾರಿ ಮನೆಯ ಹುಡುಗಿ ತನ್ನ ಸಾರಿಗೂ ಅದೇ ಒಲೆಯಲ್ಲಿ ಜಾಗ ಕೇಳಿ ಪಡೆಯಬೇಕು. ಇತರರ ಪಾತ್ರೆಯನ್ನೂ ತೊಳೆಯಬೇಕು. ಅಂಕಪಟ್ಟಿ ಕಲಿಸದ ಪಾಠವಿದು.

ವಲಸೆಯ ಕನಸುಳ್ಳವರು ಗಮನಿಸಬೇಕು: ಇಲ್ಲಿಯ ಪೌರರಿಗೂ ಗ್ರೀನ್ ಕಾರ್ಡ್ ಉಳ್ಳವರಿಗೂ ಪ್ರವೇಶವುಂಟು, ವಿದ್ಯಾರ್ಥಿ ವೀಸಾದವರಿಗಿಲ್ಲ. ಸೇವೆ ಪೂರೈಸಿದವರಿಗೆ ಕಾಲೇಜು ಶುಲ್ಕಕ್ಕೆ ನೆರವು ದೊರೆಯುತ್ತದೆ. ಆದರೆ 2025ರ ಏಪ್ರಿಲ್‌ನಲ್ಲಿ ವೆಚ್ಚ ಕಡಿತದ ವೇಳೆ ಸೇವಾನಿರತರನ್ನು ಅವಧಿಗೆ ಮುನ್ನವೇ ಮನೆಗೆ ಕಳುಹಿಸಲಾಯಿತು. ಆದ್ದರಿಂದ ಸದ್ಯದ ಸ್ಥಿತಿಯನ್ನು ವಿಚಾರಿಸಿಯೇ ನಿರ್ಧರಿಸಿ.

ಅವಕಾಶವಿದ್ದರೆ ಮಕ್ಕಳನ್ನು ತಡೆಯಬೇಡಿ. ನಾವು ದುಡಿಯಲೆಂದು ಬಂದ ನಾಡು ಅವರಿಗೆ ಹುಟ್ಟೂರು. ಅದರ ಋಣ ತೀರಿಸುವ ಹಕ್ಕು ಅವರದು.