ಗದ್ದೆಯಿಂದ ಏರುವ ರಾಕೆಟ್ಟಿಗೂ ಒಂದು ದಾರಿ ಬೇಡವೇ?

ಕೊಯ್ಲು ಮುಗಿದು ಒಣಗಿದ್ದ ಗುಲ್ವಾಡಿಯ ಗದ್ದೆಯೊಂದರಲ್ಲಿ ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನಾನೂ ನನ್ನ ತಂಗಿಯ ಮಗನೂ ನಾವೇ ಕಟ್ಟಿದ ಗ್ಲೈಡರನ್ನು ಹಾರಿಸಲು ನಿಂತಿದ್ದೆವು. ಥರ್ಮೋಕೋಲ್ ಹಾಳೆಯ ರೆಕ್ಕೆ, ಬೆರಳುದ್ದದ ಎರಡು ಸರ್ವೋ ಮೋಟಾರು, ಒಂದು ರೇಡಿಯೋ ಗ್ರಾಹಕ, ಪುಟ್ಟ ಬ್ಯಾಟರಿ. ಎಲ್ಲವೂ ಸೇರಿ 200 ಗ್ರಾಂ ಮೀರಿರಲಿಲ್ಲ. ಉದ್ದನೆಯ ರಬ್ಬರ್ ಹಗ್ಗವನ್ನು ಎಳೆದು ಬಿಟ್ಟೊಡನೆ ಅದು ಸರ್ರನೆ ಏರಿ, ಬೆನ್ನಿನ ಕಡೆಗೆ ಪಲ್ಟಿ ಹೊಡೆದು, ಗದ್ದೆಯ ಅಂಚಿಗೆ ಬಡಿಯಿತು. ಹುಡುಗ ಮುರಿದ ಮೂತಿಯನ್ನು ಹಿಡಿದುಕೊಂಡು ಕೇಳಿದ: ‘ಮಾವ, ಇದು ಎಂತಕೆ ತಿರ್ಗಿ ಬಿತ್ತ್?’

ಉತ್ತರ ಹುಡುಕಲು ನಮಗೆ ಎರಡು ಸಂಜೆ ಬೇಕಾಯಿತು. ನಿಧಾನವಾಗಿ ತೇಲಲು ಗ್ಲೈಡರಿನ ರೆಕ್ಕೆಯ ಹಿಂಬದಿಯ ಪಟ್ಟಿ ತುಸು ಮೇಲಕ್ಕೆ ಬಾಗಿರಬೇಕು. ಆದರೆ ವೇಗ ಇಮ್ಮಡಿಯಾದರೆ ಅದೇ ಬಾಗುವಿಕೆಯ ಬಲ ನಾಲ್ಮಡಿಯಾಗುತ್ತದೆ. ತೇಲುವಾಗ ಕಾಪಾಡುವ ಪಟ್ಟಿಯೇ ಏರುವಾಗ ಮಗುಚಿಹಾಕುತ್ತದೆ. ಆದ್ದರಿಂದ ಏರುವಾಗ ಪಟ್ಟಿ ಸಮತಟ್ಟಾಗಿರಬೇಕು; ವೇಗ ತಗ್ಗಿದ ಮೇಲೆ ಕೈಯಲ್ಲಿನ ರೇಡಿಯೋದಿಂದ ಅದನ್ನು ಎತ್ತಬೇಕು. ಮುಂದಿನ ಭಾನುವಾರ ಹಾಗೆಯೇ ಮಾಡಿದೆವು. ಗ್ಲೈಡರ್ ತೆಂಗಿನ ತಲೆಗಳ ಎತ್ತರದಲ್ಲಿ ಒಂದು ಸುತ್ತು ಹೊಡೆದು ಹುಲ್ಲಿನ ಮೇಲೆ ಇಳಿಯಿತು. ಒಂಬತ್ತನೆಯ ತರಗತಿಯ ಆ ಹುಡುಗನಿಗೆ ವರ್ಗದ ನಿಯಮವನ್ನು ಇನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇದು ಬರಿಯ ಆಟವಲ್ಲ ಎನ್ನಲು ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ರಾಕೆಟ್ಟಿನ ಬಲದಿಂದ ಏರಿ, ಎಂಜಿನ್ ಇಲ್ಲದೆ ರೆಕ್ಕೆಯ ಬಲದಿಂದ ಇಳಿಯುವ ವಾಹನವನ್ನೇ ಇಸ್ರೋ 2016ರ ಮೇ 23ರಂದು ಶ್ರೀಹರಿಕೋಟಾದಿಂದ ಹಾರಿಸಿತು. ಅದು ಸುಮಾರು 65 ಕಿ.ಮೀ. ಎತ್ತರಕ್ಕೇರಿ ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಇಳಿಯುವ ವಿದ್ಯೆಯ ಪರೀಕ್ಷೆ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ. 2023ರ ಏಪ್ರಿಲ್ 2ರಂದು, ಬಳಿಕ 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟ ವಾಹನ ತಾನಾಗಿಯೇ ದಾರಿ ತಿದ್ದಿಕೊಂಡು ರನ್‌ವೇ ಮೇಲೆ ಇಳಿಯಿತು. ‘ಪುಷ್ಪಕ’ವೆಂದು ಕರೆಸಿಕೊಂಡ ಆ ವಾಹನಕ್ಕೂ ನಮ್ಮ ಥರ್ಮೋಕೋಲ್ ಹಕ್ಕಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ, ಆದರೆ ಹುಡುಗ ಕೇಳಿದ ಪ್ರಶ್ನೆ ಎರಡಕ್ಕೂ ಒಂದೇ.

ಇನ್ನು ರಾಕೆಟ್ಟಿನ ಮಾತು. ನಮ್ಮೂರಿನಿಂದ ಘಟ್ಟ ಹತ್ತಿದರೆ ಸಿಗುವ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಳೆಯ ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಯ ರಾಕೆಟ್‌ಗಳು ದೊರೆತವು. ಭಾರತದ ಮೊದಲ ಉಪಗ್ರಹ ಆರ್ಯಭಟದ ರೂವಾರಿ ಯು.ಆರ್. ರಾವ್ ಇದೇ ಉಡುಪಿ ಜಿಲ್ಲೆಯ ಅದಮಾರಿನವರು. ಇಂಥ ನೆಲದಲ್ಲಿ ಹುಡುಗನೊಬ್ಬನ ಗ್ಲೈಡರಿಗೆ ಹೊಂದುವ, ಅಳತೆಗೊಳಪಟ್ಟ ಪುಟ್ಟ ರಾಕೆಟ್ ಮೋಟಾರು ನನಗೆ ಕುಂದಾಪುರದಲ್ಲೂ ಸಿಗಲಿಲ್ಲ, ಬೆಂಗಳೂರಿನಲ್ಲೂ ಸಿಗಲಿಲ್ಲ. ಮದ್ದನ್ನು ಮನೆಯಲ್ಲಿ ಅರೆಯುವುದು ಅಪಾಯ, ಕಾನೂನಿಗೂ ವಿರುದ್ಧ. ಆದ್ದರಿಂದಲೇ ನಾವು ರಬ್ಬರ್ ಹಗ್ಗದ ಮೊರೆಹೋದದ್ದು. ಆದರೆ ಎಲ್ಲ ಹುಡುಗರೂ ರಬ್ಬರ್ ಹಗ್ಗಕ್ಕೆ ತೃಪ್ತರಾಗುವುದಿಲ್ಲ. ದೀಪಾವಳಿಯ ಬಾಣಗಳನ್ನು ಬಿಚ್ಚಿ ಮದ್ದು ಕೂಡಿಹಾಕುವ ಮಕ್ಕಳು ಯಾವ ಊರಿನಲ್ಲಿಲ್ಲ?

ಅಮೆರಿಕವೂ ಈ ಸಂಕಟ ಕಂಡಿತ್ತು. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅಲ್ಲಿನ ಹುಡುಗರು ಮನೆಯಲ್ಲೇ ರಾಕೆಟ್ ಮಾಡಲು ಹೋಗಿ ಗಾಯಗೊಂಡರು. ಆರ್ವಿಲ್ ಕಾರ್ಲೈಲ್ ಮತ್ತು ಹ್ಯಾರಿ ಸ್ಟೈನ್ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ಕಾಗದದ ಕೊಳವೆಯೊಳಗೆ ಕಾರ್ಖಾನೆಯಲ್ಲೇ ತುಂಬಿದ, ಒಮ್ಮೆ ಬಳಸಿ ಎಸೆಯುವ ಮೋಟಾರು, ದೂರದಿಂದ ವಿದ್ಯುತ್ ತಂತಿಯ ಮೂಲಕ ಹೊತ್ತಿಸುವ ಕ್ರಮ, ಲೋಹದ ಭಾಗಗಳಿಗೆ ನಿಷೇಧ. ಕುತೂಹಲವನ್ನು ಅವರು ತಡೆಯಲಿಲ್ಲ, ಅದಕ್ಕೊಂದು ಸುರಕ್ಷಿತ ದಾರಿ ಮಾಡಿಕೊಟ್ಟರು.

ಭದ್ರತೆಯ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗುರಿ ತಪ್ಪಿದ ರಾಕೆಟ್ ಹುಲ್ಲಿನ ಬಣವೆಯನ್ನು ಸುಡಬಲ್ಲದು. ಆದರೆ ಡ್ರೋನ್‌ಗಳ ವಿಷಯದಲ್ಲಿ ನಾವು ಇದೇ ಆತಂಕವನ್ನು ವಿವೇಕದಿಂದ ನಿಭಾಯಿಸಿದ್ದೇವೆ. 2021ರ ಡ್ರೋನ್ ನಿಯಮಗಳು ತೂಕವನ್ನು ನೋಡಿ ನಿರ್ಬಂಧ ವಿಧಿಸಿದವು. 250 ಗ್ರಾಂ ಮೀರದ ಪುಟ್ಟ ಡ್ರೋನ್‌ಗೆ ಪೈಲಟ್ ಪರವಾನಗಿ ಬೇಡವೆಂದವು. ಅಪಾಯದ ಪ್ರಮಾಣಕ್ಕೆ ತಕ್ಕ ಕಟ್ಟುಪಾಡು ಎಂಬ ಇದೇ ತತ್ತ್ವ ಕೆಲವು ಗ್ರಾಂ ಮದ್ದಿನ ಮೋಟಾರಿಗೂ ಸಲ್ಲಬೇಡವೇ? ಪರೀಕ್ಷಿಸಿ ಮುದ್ರೆಯೊತ್ತಿದ ಮೋಟಾರುಗಳು ಶಾಲೆಯ ಹೆಸರಿನಲ್ಲಿ, ತರಬೇತಿ ಪಡೆದ ಶಿಕ್ಷಕರ ಹೊಣೆಯಲ್ಲಿ ಸಿಗಲಿ. ತಾಲ್ಲೂಕಿಗೊಂದು ಬಯಲನ್ನು ಗುರುತಿಸಿ, ವರ್ಷದಲ್ಲಿ ಕೆಲವು ದಿನಗಳನ್ನು ಇದಕ್ಕೆಂದು ಗೊತ್ತುಪಡಿಸಲಿ.

ಮದುವೆಮನೆಯ ಮೇಲೆ ಹಾರುವ, ಕೊಂಡು ತಂದ ಡ್ರೋನನ್ನು ನಮ್ಮ ಮಕ್ಕಳು ದಿನವೂ ನೋಡುತ್ತಿದ್ದಾರೆ. ಅದು ಯಾಕೆ ಬೀಳುವುದಿಲ್ಲ ಎಂದು ಅವರು ಕೇಳುವುದಿಲ್ಲ. ತಾವೇ ಕಟ್ಟಿದ್ದು ಬಿದ್ದಾಗ ಮಾತ್ರ ಕೇಳುತ್ತಾರೆ. ನನ್ನ ಸೋದರಳಿಯ ಈಗ ಎರಡನೆಯ ಗ್ಲೈಡರಿಗೆ ರೆಕ್ಕೆ ಕತ್ತರಿಸುತ್ತಿದ್ದಾನೆ. ಅದರ ಬೆನ್ನಿನಲ್ಲಿ ಮೋಟಾರಿಗೆಂದು ಒಂದು ಕಾಗದದ ಕೊಳವೆಯನ್ನೂ ಅಂಟಿಸಿದ್ದಾನೆ. ಸದ್ಯಕ್ಕೆ ಅದು ಖಾಲಿಯಿದೆ.