ಮಗು ಶಿಕ್ಷಕರ ಕೈಗಿತ್ತ ಅಮಾನತು

ಮಗುವನ್ನು ಮದ್ರಸಕ್ಕೋ ಶಾಲೆಗೋ ಸೇರಿಸಲು ಬರುವ ತಂದೆ, 'ಮಾಂಸ ನಿಮ್ಮದು, ಮೂಳೆ ನಮ್ಮದು' ಎನ್ನುವುದು ಬೀದರಿನ ಮೊಹಲ್ಲಾಗಳಲ್ಲಿ ಹಳೆಯ ಮಾತು. ಹೊಡೆದಾದರೂ ಕಲಿಸಿ, ನಾವು ಕೇಳುವುದಿಲ್ಲ ಎಂದು ಅದರರ್ಥ. ಅನೇಕರು ಇದನ್ನೇ ವಿಶ್ವಾಸವೆಂದು ತಿಳಿದಿದ್ದಾರೆ. ಆದರೆ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುವ ಮಗುವಿಗೆ ಏನನಿಸುತ್ತದೆ? ಶಾಲೆಯ ನೋವನ್ನು ಮನೆಯಲ್ಲಿ ಹೇಳುವಂತಿಲ್ಲ, ಮನೆಯ ಕಷ್ಟವನ್ನು ಶಾಲೆಯಲ್ಲಿ ಹೇಳುವಂತಿಲ್ಲ ಎಂದು ಅದು ಬಾಯಿ ಮುಚ್ಚಿಕೊಳ್ಳುತ್ತದೆ.

ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಮಗಾದರೋ ಅದಕ್ಕಿಂತ ಎಷ್ಟೋ ಮೊದಲೇ ಪ್ರವಾದಿ(ಸ)ಯವರ ಮಾದರಿಯಿದೆ. ಉಮ್ಮು ಸುಲೈಮ್(ರ) ತಮ್ಮ ಹತ್ತು ವರ್ಷದ ಮಗ ಅನಸ್(ರ)ರನ್ನು ಪ್ರವಾದಿಯವರ ಸೇವೆಗೆ ಒಪ್ಪಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಒಮ್ಮೆಯೂ ಪ್ರವಾದಿಯವರು ತಮ್ಮನ್ನು ಗದರಲಿಲ್ಲವೆಂದು ಅನಸ್(ರ) ಸ್ಮರಿಸಿದ್ದಾರೆ. ಪ್ರವಾದಿಯವರು ಆ ಮನೆಗೂ ಹೋಗುತ್ತಿದ್ದರು. ಅನಸ್‌ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತು ಆ ಮಗು ಸಪ್ಪಗಿದ್ದಾಗ, ಹಕ್ಕಿಯ ವಿಷಯವೆತ್ತಿ ಅಕ್ಕರೆಯಿಂದ ಮಾತನಾಡಿಸಿದರು. ಅಲ್ಲಿಗೆ ಅವರು ದೂರು ಹೊತ್ತು ಹೋಗಿರಲಿಲ್ಲ.

ನಮ್ಮ ಜಿಲ್ಲೆಯಲ್ಲೂ ಒಂದು ಉದಾಹರಣೆಯಿದೆ. ಔರಾದ್ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಗುರುಗಳಾದ ಡಾ. ಚನ್ನಬಸವ ಪಟ್ಟದ್ದೇವರು, ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬಡ ಮಕ್ಕಳಿಗೆ ಅನ್ನ, ಆಸರೆ ಕೊಟ್ಟರು. ಅವರು ತೀರಿಕೊಂಡ 1999ರ ನಂತರವೂ ಇಲ್ಲಿನ ಜನ ಅವರನ್ನು ನೆನೆಯುವುದು ಮಗುವಿನ ಮನೆಮಾತಿಗೂ ಹಸಿವಿಗೂ ಬೆಲೆ ಕೊಟ್ಟವರೆಂದು.

ಇಂದು ಭಾಷೆಯ ತೊಡಕು ಬೇರೆ ರೂಪದಲ್ಲಿದೆ. ಶಾಲೆಯ ನೋಟಿಸು ಕನ್ನಡದಲ್ಲಿ ಬರುತ್ತದೆ. ಬೀದರಿನ ಮನೆಯಲ್ಲಿ ತಾಯಿಗೆ ಉರ್ದು ಮಾತ್ರ ಬರುತ್ತದೆ, ಔರಾದಿನ ಮನೆಯಲ್ಲಿ ಮರಾಠಿ. ತಂದೆ ಕೂಲಿಗಾಗಿ ಹೈದರಾಬಾದಿನಲ್ಲಿರುತ್ತಾನೆ. ತಾಯಿ ಪ್ರಗತಿ ಪತ್ರಕ್ಕೆ ಸಹಿ ಹಾಕುತ್ತಾಳೆ, ಆದರೆ ಅದರಲ್ಲೇನಿದೆಯೆಂದು ಅವಳಿಗೆ ಗೊತ್ತಾಗುವುದಿಲ್ಲ. ಕೆಲಸದ ದಿನ ಹನ್ನೊಂದು ಗಂಟೆಗೆ ಪೋಷಕರ ಸಭೆ ಕರೆದರೆ ಅವಳ ಒಂದು ದಿನದ ಕೂಲಿ ಹೋಗುತ್ತದೆ. ಬರಲಿಲ್ಲವೆಂದು ಅವಳನ್ನು ದೂರುವುದು ಸುಲಭ.

ಔರಾದ್ ತಾಲೂಕಿನ ಹಳ್ಳಿಯೊಂದರ ಶಿಕ್ಷಕಿಯೊಬ್ಬರು, ಏಳನೆಯ ತರಗತಿಯ ಹುಡುಗಿ ಲೆಕ್ಕದಲ್ಲಿ ಚುರುಕಾಗಿದ್ದಾಳೆಂದು ಹೇಳಲೆಂದೇ ಒಂದು ಸಂಜೆ ಅವಳ ಮನೆಗೆ ಹೋಗಿದ್ದರು. ಬೇಸಿಗೆಯಲ್ಲಿ ತಂದೆ ಓದು ಸಾಕು ಎಂದಾಗ ಮತ್ತೆ ಹೋದರು. ಮೊದಲೇ ಪರಿಚಯವಿದ್ದುದರಿಂದ ಆತ ಮನಸ್ಸು ಬಿಚ್ಚಿದ. ಹೈಸ್ಕೂಲು ಬೇರೆ ಊರಲ್ಲಿದೆ, ಬಸ್ಸಿನಲ್ಲಿ ಒಬ್ಬಳೇ ಹೇಗೆ ಹೋಗುವುದು ಎಂಬುದೇ ಅವನ ಅಳುಕಾಗಿತ್ತು. ಶಿಕ್ಷಕಿ ಉಪದೇಶ ಮಾಡಲಿಲ್ಲ. ಅದೇ ಊರಿನ ಇನ್ನೂ ಮೂವರು ಹುಡುಗಿಯರ ತಾಯಂದಿರನ್ನು ಕಂಡು ಮಾತನಾಡಿದರು, ಬಸ್ಸಿನ ವೇಳೆ ಬರೆದುಕೊಟ್ಟರು. ನಾಲ್ವರೂ ಜೊತೆಯಾಗಿ ಎಂಟನೆಯ ತರಗತಿಗೆ ಸೇರಿದರು. ಮೊದಲ ಭೇಟಿ ಇಲ್ಲದಿದ್ದರೆ ಎರಡನೆಯದು ಫಲಿಸುತ್ತಿತ್ತೇ?

ಶಿಕ್ಷಕ ಬಂಧುಗಳೇ, ವರ್ಷಾರಂಭದಲ್ಲಿ ಒಂದು ಒಳ್ಳೆಯ ಸುದ್ದಿಯೊಂದಿಗೆ ಪ್ರತಿ ಮನೆಯನ್ನೂ ತಲುಪಿರಿ. ತಾಯಿಯ ಭಾಷೆಯಲ್ಲಿ ಎರಡು ಮಾತಾಡಿರಿ. ಸಭೆಯನ್ನು ಭಾನುವಾರವೋ ಮಗ್‌ರಿಬ್ ನಂತರವೋ ಇಡಿರಿ. ಆ ಮನೆಯಲ್ಲಿ ಕಂಡ ಸಾಲ, ಜಗಳ, ಬಡತನಗಳು ನಿಮ್ಮ ಬಳಿಯಿರುವ ಅಮಾನತು. ಅವು ಸಹೋದ್ಯೋಗಿಗಳ ಹರಟೆಗೆ ವಸ್ತುವಾಗಬಾರದು.

ಹೆತ್ತವರೇ, 'ಮಾಸ್ತರರಿಗೆ ಹೇಳುತ್ತೇನೆ ನೋಡು' ಎಂದು ಮಗುವನ್ನು ಹೆದರಿಸಬೇಡಿ. ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ ಕಾನೂನು. ಆ ಸ್ಥಾನದಲ್ಲಿ ಹೋಗಿ ಕುಳಿತು ಪ್ರಶ್ನೆ ಕೇಳಿರಿ. ಮಗುವನ್ನು ಒಪ್ಪಿಸುವಾಗ ಮಾಂಸ, ಮೂಳೆಗಳ ಲೆಕ್ಕ ಬಿಟ್ಟು, 'ಇವನಿಗೆ ಕತ್ತಲೆಂದರೆ ಹೆದರಿಕೆ, ಕತೆಯೆಂದರೆ ಇಷ್ಟ' ಎಂದು ಹೇಳಿರಿ. ಒಳ್ಳೆಯ ಶಿಕ್ಷಕರಿಗೆ ಬೇಕಾಗಿರುವುದು ಅದೇ.