ಚಕ್ಕುಬಂದಿಯ ಆಚೆಗೆ

ಹಾಸನದ ಸುತ್ತಣ ಊರುಗಳಲ್ಲಿ ಈಗ ನಾಲ್ಕು ಜನ ಎಲ್ಲಿ ಸೇರಿದರೂ ಮಾತು ಬಹುಬೇಗ ಖಾತೆಯ ಕಡೆಗೆ ತಿರುಗುತ್ತದೆ. 2024ರ ಅಕ್ಟೋಬರಿನಿಂದ ಪಟ್ಟಣದ ಸ್ವತ್ತಿಗೆ ಇ-ಖಾತಾ ಇಲ್ಲದೆ ನೋಂದಣಿಯಿಲ್ಲವೆಂದಾಯಿತು. 2025ರ ಫೆಬ್ರುವರಿಯಲ್ಲಿ ಸರ್ಕಾರವು ಅನಧಿಕೃತ ಬಡಾವಣೆಗಳ ಸ್ವತ್ತಿಗೆ ಬಿ-ಖಾತಾ ಕೊಡುವ ಆಂದೋಲನವನ್ನು ಹೂಡಿತು. ಅದೇ ವರ್ಷದ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡಕ್ಕೇರಿತು. ಮನೆ ಕೊಳ್ಳುವವನ ಚಿತ್ತವೆಲ್ಲ ಕಾಗದಪತ್ರಗಳಲ್ಲೇ ನೆಟ್ಟಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಆ ಪತ್ರಗಳಲ್ಲಿ ಯಾವುದೂ ಹೇಳದ ಸಂಗತಿಯೊಂದಿದೆ. ಇಲ್ಲಿ ನಾನು ಪ್ರಸ್ತಾಪಿಸಬೇಕೆಂದಿರುವುದು ಅದನ್ನು.

ಕನ್ನಡ ಪಾಠ ಹೇಳುವವನೆಂಬ ಕಾರಣಕ್ಕೆ ಕ್ರಯಪತ್ರದ ಕರಡನ್ನು ಹಿಡಿದು ನನ್ನ ಬಳಿಗೆ ಬರುವವರುಂಟು. ಆ ಭಾಷೆ ನನಗೆ ಅಪರಿಚಿತವಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳೊಡನೆ ನೆಲವನ್ನು ದಾನವಿತ್ತ ಶಾಸನಗಳನ್ನು ತರಗತಿಯಲ್ಲಿ ಓದಿಸುತ್ತೇನೆ. ಅದೇ ಪದಪುಂಜ ಇಂದಿಗೂ ಛಾಪಾಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಯದೇ ಆದ ಹಲ್ಮಿಡಿಯ ಶಾಸನವೂ ಒಂದು ದತ್ತಿಯ ಪತ್ರ. ಕೊಟ್ಟದ್ದನ್ನು ಕಸಿದುಕೊಂಡವನಿಗೆ ಮಹಾಪಾತಕ ತಟ್ಟುವುದೆಂಬ ಶಾಪವೂ ಅದರಲ್ಲಿದೆ. (ಈ ಅಧಿಕಾರವೊಂದು ಇಂದಿನ ಉಪನೋಂದಣಾಧಿಕಾರಿಗಳಿಗಿಲ್ಲ.) ಅಷ್ಟಭೋಗಗಳು ಮುಗಿದ ಮೇಲೆ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ನಿವೇಶನ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ, ದಕ್ಷಿಣಕ್ಕೆ. ಈ ನಾಲ್ಕು ಗೆರೆಗಳ ಆಚೆ ಏನಿದೆಯೆಂದು ಕ್ರಯಪತ್ರ ಹೇಳುವುದಿಲ್ಲ. ಸಂಸಾರವೊಂದು ಸುಖವಾಗಿ ಬಾಳೀತೆ ಇಲ್ಲವೆ ಎಂಬುದು ಬಹುಮಟ್ಟಿಗೆ ನಿಶ್ಚಯವಾಗುವುದು ಆಚೆಗಿನ ಅಲ್ಲಿಯೇ.

ಗೊರೂರನ್ನೂ ಒಳಗೊಂಡ ಕಟ್ಟಾಯ ಹೋಬಳಿಯ ಒಕ್ಕಲು ಮನೆತನಗಳಿಗೆ ಹಾಸನ ಪರಸ್ಥಳವೇನಲ್ಲ. ಮಕ್ಕಳ ಓದು, ಮುದುಕರ ಔಷಧೋಪಚಾರ, ಎಲ್ಲಕ್ಕೂ ಅದೇ ಊರು. ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಅಲ್ಲೊಂದು ಮನೆ ಮಾಡಬೇಕೆಂಬ ಆಸೆ ಸಹಜ. 2023ರಲ್ಲಿ ಶುಂಠಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿತಷ್ಟೆ. ಆ ಹೋಬಳಿಯವನೇ ಆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಹಣದಿಂದ ಹಾಸನದ ಹೊರವಲಯದಲ್ಲಿ 30-40ರ ನಿವೇಶನವೊಂದನ್ನು ಕೊಂಡು ಮನೆ ಕಟ್ಟಿದ. ಜನ ರೆವಿನ್ಯೂ ಸೈಟು ಎನ್ನುತ್ತಾರಲ್ಲ, ಅಂಥದು. ಅವನ ತಂದೆ ಹಳ್ಳಿಯ ಜಗಲಿಯನ್ನು ಬಿಟ್ಟು ಬಂದವರು. ಹೊಸ ಮನೆಗೆ ಜಗಲಿಯಿಲ್ಲ; ಗೇಟಿಗೂ ಬಾಗಿಲಿಗೂ ನಡುವೆ ಕಾರು ನಿಲ್ಲುವಷ್ಟು ಸ್ಥಳ. ಮರದ ನೆರಳಿನಲ್ಲಿ ಒಂದು ಗಳಿಗೆ ಕುಳಿತು ಯಾರೊಡನಾದರೂ ಮಾತನಾಡಬೇಕೆನಿಸಿದರೆ ಆ ಹಿರಿಯರು ಆಟೋ ಹತ್ತಿ ಮಹಾರಾಜ ಪಾರ್ಕಿಗೆ ಹೋಗುತ್ತಾರೆ!

ಆ ಬಡಾವಣೆಯಲ್ಲಿ ಉದ್ಯಾನವೇಕಿಲ್ಲ? ಲೆಕ್ಕ ಸರಳವಾಗಿದೆ. ಎಕರೆಗೆ 43,560 ಚದರಡಿ. ರಸ್ತೆ, ಚರಂಡಿ, ಉದ್ಯಾನ, ಶಾಲೆಯ ಸ್ಥಳ ಇವುಗಳಿಗೆಂದು ನೂರಕ್ಕೆ 45 ಭಾಗವನ್ನು ಬಿಟ್ಟರೆಂದು ಇಟ್ಟುಕೊಳ್ಳಿ. 1,200 ಚದರಡಿಯ ನಿವೇಶನಗಳು ಸುಮಾರು 20 ಸಿಗುತ್ತವೆ. ಕಿರಿದಾದ ರಸ್ತೆಗೆಂದು ನೂರಕ್ಕೆ 25 ಭಾಗವನ್ನು ಮಾತ್ರ ಬಿಟ್ಟರೆ 27 ಸಿಗುತ್ತವೆ. ಹೆಚ್ಚಿಗೆ ದೊರೆತ ಆ ಏಳು ನಿವೇಶನಗಳೇ ಉದ್ಯಾನ, ಅವೇ ಮಕ್ಕಳ ಆಟದ ಬಯಲು. ನಿವೇಶನ ಅಗ್ಗವಾಗಿ ಬಂತೆಂದು ಹಿಗ್ಗುವವನು ಆ ಏಳರ ಮೇಲೆಯೇ ಮನೆ ಕಟ್ಟಿರಲೂಬಹುದು.

ಇದಕ್ಕೆ ಕಾಯಿದೆಗಳಿಲ್ಲವೆಂದಲ್ಲ. ಬಡಾವಣೆಯ ನಕ್ಷೆಗೆ ಅನುಮೋದನೆ ಬೇಕೆನ್ನುವ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1961ರದು. 500 ಚದರ ಮೀಟರಿಗೆ ಮೀರಿದ ಜಮೀನನ್ನು ನಿವೇಶನಗಳಾಗಿ ವಿಂಗಡಿಸಿ ಮಾರುವವರು ರೇರಾದಲ್ಲಿ ನೋಂದಾಯಿಸಬೇಕೆಂದು 2016ರ ಕೇಂದ್ರ ಕಾಯಿದೆ ವಿಧಿಸುತ್ತದೆ. ಅನುಮೋದಿತ ನಕ್ಷೆಯ ಬಲವೆಂಥದೆಂಬುದಕ್ಕೆ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಮೊಕದ್ದಮೆಯನ್ನು ನೋಡಬೇಕು. ಉದ್ಯಾನಕ್ಕೆಂದು ಮೀಸಲಿರಿಸಿದ್ದ ಸ್ಥಳವನ್ನು ಖಾಸಗಿ ಆಸ್ಪತ್ರೆಗೆಂದು ಒಂದು ಟ್ರಸ್ಟಿಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪಕ್ಷವನ್ನೇ ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯದೇ, ಆದರೂ ಎಲ್ಲರ ಬಯಲನ್ನು ಒಬ್ಬರಿಗೆ ಒಪ್ಪಿಸುವ ಹಕ್ಕು ಆಳುವವರಿಗಿಲ್ಲವೆಂದಾಯಿತು. ಆ ನಿವಾಸಿಗಳು ಹೋರಾಡಲು ಸಾಧ್ಯವಾದದ್ದು ನಕ್ಷೆಯಲ್ಲಿ ಉದ್ಯಾನವೆಂಬ ಗುರುತು ಇದ್ದುದರಿಂದ. ರೆವಿನ್ಯೂ ಬಡಾವಣೆಯಲ್ಲಿ ಆ ಗುರುತೇ ಇಲ್ಲ. ಕಳೆದುಕೊಂಡದ್ದನ್ನು ತೋರಿಸಲು ಆಧಾರವಿಲ್ಲದವನು ಯಾವ ನ್ಯಾಯಾಲಯಕ್ಕೆ ಹೋದಾನು?

ಸಂಸಾರಸ್ಥರಿಗೆ ತಕ್ಕ ‘ಒಳ್ಳೆಯ ಏರಿಯಾ’ ಎಂಬ ಮಾತನ್ನು ನಮ್ಮ ಜನ ಬಳಸುವ ಬಗೆಯನ್ನೂ ಇಲ್ಲಿ ಹೇಳಿಬಿಡಬೇಕು. ಶಾಲೆ ಹತ್ತಿರವೆ, ನೀರು ಬರುವುದೆ, ಕತ್ತಲಾದ ಮೇಲೆ ಹೆಣ್ಣುಮಗಳೊಬ್ಬಳು ನಿರ್ಭಯಳಾಗಿ ನಡೆದು ಬರಬಹುದೆ ಎಂಬುದು ಅದರ ಒಂದರ್ಥ. ಅಲ್ಲಿರುವವರು ಯಾವ ಜನ ಎಂಬುದು ಇನ್ನೊಂದು. ಬಾಡಿಗೆಗೆ ಮನೆ ಕೇಳಿಕೊಂಡು ಹೋದವರಿಗೆ ಇದು ಬೇಗ ತಿಳಿದುಬಿಡುತ್ತದೆ. ಮೊದಲನೆಯ ಅರ್ಥದ ಬಗೆಗೆ ನಾವು ಅರ್ಧದಷ್ಟು ವಿಚಾರಿಸುವುದಿಲ್ಲ, ಎರಡನೆಯದರ ಬಗೆಗೆ ಬೇಕಾದುದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ.

ಬಿ-ಖಾತಾ ಕೊಡುವುದು ತಪ್ಪೆಂದು ನಾನು ಹೇಳಲಾರೆ. ಜೀವಮಾನದ ದುಡಿಮೆಯನ್ನು ಇಟ್ಟಿಗೆಗೆ ಸುರಿದವರನ್ನು ಬೀದಿಗೆ ತಳ್ಳುವುದು ಯಾವ ಆಡಳಿತಕ್ಕೂ ಶೋಭಿಸದು. ಆದರೆ ಮನೆಗೆ ಕಾಗದ ಬಂದಂತೆ ಬೀದಿಗೆ ಉದ್ಯಾನ ಬರುವುದಿಲ್ಲ. ಅದಕ್ಕೆ ನೆಲ ಬೇಕು, ಆ ನೆಲವನ್ನು ಯಾರಾದರೂ ಕೊಳ್ಳಬೇಕು. ಆಂದೋಲನದಿಂದ ಬರುವ ತೆರಿಗೆಯ ಒಂದು ಪಾಲನ್ನು, ಇನ್ನೂ ಖಾಲಿ ಬಿದ್ದಿರುವ ನಿವೇಶನಗಳಲ್ಲಿ ಬಡಾವಣೆಗೆ ಒಂದೆರಡನ್ನಾದರೂ ಕೊಳ್ಳುವುದಕ್ಕಾಗಿಯೇ ಸ್ಥಳೀಯ ಸಂಸ್ಥೆಗಳು ತೆಗೆದಿಡಬೇಕೆಂದು ನನ್ನ ಅಭಿಪ್ರಾಯ. ಹತ್ತು ವರ್ಷ ಕಳೆದರೆ ಖಾಲಿ ನಿವೇಶನಗಳೇ ಉಳಿದಿರುವುದಿಲ್ಲ.

ಮಕ್ಕಳೆಲ್ಲಿ ಆಡುತ್ತಾರೆಂದು ಆ ವಿದ್ಯಾರ್ಥಿಯನ್ನು ಮೊನ್ನೆ ಕೇಳಿದೆ. “ಪಕ್ಕದ ಸೈಟು ಖಾಲಿ ಇದೆಯಲ್ಲ ಸಾರ್, ಅಲ್ಲೇ ಆಡ್ತಾವೆ” ಎಂದ. ಅದರ ಯಜಮಾನರು ಈ ಬೇಸಿಗೆಗೆ ಪಾಯ ತೋಡಿಸುತ್ತಾರಂತೆ.